ಪಯಣಕ್ಕೊಂದು ತಟ್ಟೆ

ಜೋಗಿಮಟ್ಟಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಚರ್ಚೆ ನಡೆದದ್ದು ಬಾಡಿಗೆ ವ್ಯಾನಿನ ಕುರಿತಲ್ಲ, ತಟ್ಟೆಗಳ ಕುರಿತು. ಗಾಜಿನ ಲೋಟ, ಪಿಂಗಾಣಿ ಎರಡೂ ಬೆಟ್ಟದ ತಿರುವುಗಳಲ್ಲಿ ಉಳಿಯವು ಎಂದಳು ಸೊಸೆ. ಮುತ್ತುಗದೆಲೆ ಹಗುರ, ಆದರೆ ಒಣಗಿದ ಹೊಲಿಗೆಯ ಸಂದಿನಲ್ಲಿ ಹುಳು ಸೇರಿರುತ್ತದೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕೊನೆಗೆ ಗೆದ್ದದ್ದು ಅಂಚು ಎತ್ತರದ ಸ್ಟೀಲಿನ ತಟ್ಟೆ, ಒಂದರೊಳಗೊಂದು ಕೂರುವ ಲೋಟ. ನಡುವೆ ಹಳೆಯ ಬಟ್ಟೆಯಿಟ್ಟರೆ ಸದ್ದೂ ಇಲ್ಲ. ಅಮ್ಮನ ಕಂಚಿನ ಗಂಗಾಳ ಭಾರವೆಂದು ಅಟ್ಟದಲ್ಲೇ ಉಳಿಯಿತು. ಬೇಡವೆಂದವನು ನಾನೇ.

‘ವಡ್ಡಾರಾಧನೆ’ಯನ್ನು ಪಾಠ ಹೇಳಿದ ವರ್ಷಗಳಲ್ಲಿ ಸಾರ್ಥವಾಹರ ಸರಕನ್ನು ಕುರಿತು ಬೇಕಾದಷ್ಟು ಮಾತನಾಡಿದ್ದೇನೆ, ಅವರು ದಾರಿಯಲ್ಲಿ ಯಾವುದರಲ್ಲಿ ಉಂಡರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೆಟ್ಟವಿಳಿದು ಚಂದ್ರವಳ್ಳಿಗೆ ಬಂದಾಗ ಆ ಪ್ರಶ್ನೆ ಎದುರಾಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಇಲ್ಲಿ ದೊರೆತ ಚೂರುಗಳಲ್ಲಿ, ಒಳತಳದಲ್ಲಿ ಚುಕ್ಕೆಸಾಲಿನ ವೃತ್ತಗಳುಳ್ಳ ತಟ್ಟೆಗಳವೂ ಇದ್ದವು. ಅದೇ ಬಗೆಯವು ಪೂರ್ವ ಕರಾವಳಿಯ ಅರಿಕಮೇಡಿನಲ್ಲೂ ಸಿಕ್ಕಿವೆ. ಚಂದ್ರವಳ್ಳಿಯೆಂದರೆ ವಿದ್ಯಾರ್ಥಿಗಳಿಗೆ ರೋಮನ್ ನಾಣ್ಯವೇ ನೆನಪು. ನಾಣ್ಯ ಸೊಂಟದ ಚೀಲದಲ್ಲಿಯೂ ಬರುತ್ತದೆ. ಒಡೆಯುವ ಮಣ್ಣಿನ ತಟ್ಟೆಯನ್ನು ಒಳನಾಡಿಗೆ ತರಲು ಹುಲ್ಲೋ ಬಟ್ಟೆಯೋ ಸುತ್ತಿ ಜೋಪಾನ ಮಾಡಿದ ಕೈ ಬೇಕು.

1981ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗುವಾಗ ಅಮ್ಮ ಆ ಗಂಗಾಳವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಭಾರವೆಂದು ಅವರು ಅಂದದ್ದನ್ನು ನಾನು ಕೇಳಲಿಲ್ಲ.

ಹೊತ್ತು ಮುಳುಗುವ ಮೊದಲೇ ಉಣ್ಣಬೇಕಿತ್ತು. ಕೆರೆಯ ದಂಡೆಯಲ್ಲಿ ಕುಳಿತು ಸ್ಟೀಲಿನ ತಟ್ಟೆಗಳನ್ನು ಬಿಚ್ಚಿದೆವು.