ಹೊಳೆಯ ದಡದಲ್ಲಿ ಎರಡು ಮನೆ

ಎಡಿನ್‌ಬರಾಗೆ ಬಂದವರು ಕೋಟೆ ನೋಡುತ್ತಾರೆ, 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಹತ್ತುತ್ತಾರೆ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೀವು ಬಂದರೆ ನಾನು ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಸ್ಟಾಕ್‌ಬ್ರಿಜ್‌ನ ಸೇತುವೆಯಿಂದ ಹೊರಟು, ವಾಟರ್ ಆಫ್ ಲೀತ್ ಎಂಬ ಹೊಳೆಯ ಪಕ್ಕದಲ್ಲೇ ಲೀತ್‌ವರೆಗೆ ನಡೆಯೋಣ. ಇಲ್ಲಿಯವರಿಗೆ ಅದು ನದಿ. ಮಲೆನಾಡಿನ ಮಳೆಗಾಲ ನೋಡಿದ ನನ್ನ ಕಣ್ಣಿಗೆ ಒಂದು ಹಳ್ಳ. ಪೆಂಟ್‌ಲ್ಯಾಂಡ್ ಬೆಟ್ಟಗಳಲ್ಲಿ ಹುಟ್ಟಿ, ಊರ ನಡುವೆ ಹಾದು, ಲೀತ್ ಬಂದರಿನಲ್ಲಿ ಸಮುದ್ರ ಸೇರುತ್ತದೆ.

ಈ ದಾರಿಯ ಒಂದು ತುದಿಯಲ್ಲಿ ನನ್ನ ಮಗಳ ಅಪ್ಪನ ಮನೆ ಇದೆ. ಇನ್ನೊಂದು ತುದಿಯ ಹತ್ತಿರ ನನ್ನದು.

ನಾವಿಬ್ಬರೂ ಬೇರೆಯಾದಾಗ ಮಗಳಿಗೆ ಐದು ವರ್ಷ. ಜಗಳ, ವಕೀಲರು, ಕಾಗದಪತ್ರ ಎಲ್ಲ ಮುಗಿದ ಮೇಲೆ ಹಳೆಯ ಮನೆಯನ್ನು ಅವನೇ ಇಟ್ಟುಕೊಂಡು ನನ್ನ ಪಾಲಿನ ಹಣ ಕೊಟ್ಟ. ಆ ಹಣ, ಒಂದು ಸಂಬಳ, ಮಗಳ ಕೈ ಹಿಡಿದುಕೊಂಡು ಮನೆ ಹುಡುಕಲು ಹೊರಟೆ. ಸಾಗರದಿಂದ ಅಮ್ಮ ಫೋನಿನಲ್ಲಿ, "ಒಬ್ಬಳೇ ಮನೆ ತಗೊಳ್ತೀಯೇನೇ? ಸ್ವಲ್ಪ ದಿನ ಬಾಡಿಗೆಗಿದ್ದು ನೋಡು" ಅಂದಳು. ಆ ಮಾತಿನ ಹಿಂದಿದ್ದ ಆಸೆ ನಿಮಗೆ ಅರ್ಥವಾಗಿರುತ್ತದೆ. ನಾನು ಉತ್ತರ ಕೊಡಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಮನೆ ಕೊಳ್ಳುವ ಕ್ರಮ ಇಂಗ್ಲೆಂಡಿನಂತಲ್ಲ. ಇಲ್ಲಿ ಮನೆ ಮಾರುವವರು ಹೋಮ್ ರಿಪೋರ್ಟ್ ಕೊಡಬೇಕು, 2008ರ ಡಿಸೆಂಬರಿನಿಂದ ಇದು ಕಡ್ಡಾಯ. ಅದರಲ್ಲಿ ಮೂರು ಭಾಗ: ಸರ್ವೇಯರ್ ವರದಿ, ವಿದ್ಯುತ್ ಮತ್ತು ಶಾಖದ ವರದಿ, ಮಾಲೀಕರು ತುಂಬಿದ ಪ್ರಶ್ನಾವಳಿ. ಸರ್ವೇಯರ್ ಮನೆಯ ಒಂದೊಂದು ಭಾಗಕ್ಕೂ 1, 2, 3 ಎಂದು ಅಂಕಿ ಹಾಕಿರುತ್ತಾರೆ. 1 ಬಂದರೆ ಚಿಂತೆಯಿಲ್ಲ, 3 ಬಂದರೆ ತಕ್ಷಣ ರಿಪೇರಿ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಇಂಥ ವರದಿ ಓದುವುದು ಸುಲಭ ಅಂದುಕೊಂಡಿದ್ದೆ. ಆದರೆ ಬೇರೆಯವರ ಪ್ರಬಂಧದಲ್ಲಿ ತಪ್ಪು ಹುಡುಕುವುದು ಬೇರೆ, ಮಗಳು ಮಲಗುವ ಕೋಣೆಯ ಗೋಡೆಯಲ್ಲಿ ತೇವ ಇದೆ ಎಂದು ಓದುವುದು ಬೇರೆ.

ಜಾಹೀರಾತಿನಲ್ಲಿ 'ಆಫರ್ಸ್ ಓವರ್' ಎಂದಿದ್ದರೆ ಆ ಬೆಲೆಗೆ ಮನೆ ಸಿಗುತ್ತದೆ ಎಂದು ನಂಬಬೇಡಿ. ಕೇಳುವವರು ಹೆಚ್ಚಾದರೆ ಕ್ಲೋಸಿಂಗ್ ಡೇಟ್ ಇಡುತ್ತಾರೆ. ಆ ದಿನ ಎಲ್ಲರೂ ತಮ್ಮ ವಕೀಲರ ಮೂಲಕ ಗುಟ್ಟಾಗಿ ಒಂದೊಂದು ಬೆಲೆ ಕಳಿಸಬೇಕು. ಇತರರು ಎಷ್ಟು ಬರೆದಿದ್ದಾರೆ ಎಂದು ಗೊತ್ತಾಗುವುದಿಲ್ಲ. ಬ್ಯಾಂಕು ಸಾಲ ಲೆಕ್ಕ ಹಾಕುವುದು ವರದಿಯಲ್ಲಿರುವ ಮೌಲ್ಯದ ಮೇಲೆ. ವರದಿ 2,40,000 ಪೌಂಡ್ ಎಂದು, ನೀವು 2,60,000ಕ್ಕೆ ಒಪ್ಪಿಕೊಂಡರೆ ಮೇಲಿನ 20,000 ನಿಮ್ಮ ಜೇಬಿನಿಂದ ಬರಬೇಕು. ಎರಡು ಸಂಬಳ ಇದ್ದಾಗ ಈ ಲೆಕ್ಕದ ಬಿಸಿ ನನಗೆ ತಟ್ಟಿರಲಿಲ್ಲ. ಈ ಸಲ ಎರಡು ಮನೆ ಹೀಗೇ ಕೈ ತಪ್ಪಿದವು.

ನಿಮ್ಮಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ ಎರಡು ಮಾತು. ಹಳೆಯ ಮನೆಯ ಪತ್ರದಲ್ಲಿ ನಿಮ್ಮ ಹೆಸರು ಇನ್ನೂ ಉಳಿದಿದ್ದರೆ ಹೊಸ ಮನೆಯನ್ನು ಎರಡನೆಯದೆಂದು ಲೆಕ್ಕ ಹಾಕಿ ಹೆಚ್ಚುವರಿ ತೆರಿಗೆ ಬೀಳಬಹುದು. ವಕೀಲರನ್ನು ಮೊದಲೇ ಕೇಳಿ. ಹಿಂದೆ ಮನೆ ಹೊಂದಿದ್ದವರಿಗೆ ಮೊದಲ ಸಲ ಕೊಳ್ಳುವವರ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ. ಜೀವನ ಮೊದಲಿಂದ ಶುರು ಮಾಡುತ್ತಿದ್ದೇನೆ ಎಂದು ನಮಗನ್ನಿಸಬಹುದು, ತೆರಿಗೆ ಇಲಾಖೆಗೆ ಹಾಗನ್ನಿಸುವುದಿಲ್ಲ. ಇನ್ನು ನನ್ನ ಹಾಗೆ ನಿಮ್ಮ ಕೆಲಸಕ್ಕೂ ಮುಗಿಯುವ ದಿನಾಂಕ ಇದ್ದರೆ, ಹಿಂದಿನ ಗುತ್ತಿಗೆಗಳ ಪತ್ರಗಳನ್ನೆಲ್ಲ ಜೋಡಿಸಿಟ್ಟುಕೊಂಡೇ ಸಾಲಕ್ಕೆ ಹೋಗಿ.

ಮನೆ ಹುಡುಕುತ್ತಿದ್ದ ಆ ತಿಂಗಳುಗಳಲ್ಲೇ ಇನ್ನೊಂದು ವಿಷಯ ಗಮನಕ್ಕೆ ಬಂತು. ಮಗಳ ಕನ್ನಡ ಕುಗ್ಗುತ್ತಿತ್ತು. ನಾನಂತೂ ಅವಳ ಜೊತೆ ಕನ್ನಡ ಬಿಟ್ಟಿರಲಿಲ್ಲ, ಅವಳ ಅಪ್ಪನೂ ಬಿಟ್ಟಿರಲಿಲ್ಲ. ಹಾಗಾದರೆ ಏನಾಯಿತು? ಒಂದು ರಾತ್ರಿ ಆ ದಿನ ಅವಳಿಗೆ ಏನೇನು ಹೇಳಿದೆ ಎಂದು ನೆನಪಿಸಿಕೊಂಡೆ. ಬೇಗ ಏಳು. ಹಲ್ಲುಜ್ಜು. ಶೂ ಹಾಕ್ಕೋ. ಊಟ ಮಾಡು. ಮಲಗು. ಇಷ್ಟೇ! ಹಿಂದೆ ನಾವಿಬ್ಬರು ಅಡುಗೆಮನೆಯಲ್ಲಿ ಸುಮ್ಮನೆ ಹರಟುತ್ತಿದ್ದದ್ದು, ಯಾರದೋ ಮದುವೆ, ಯಾರದೋ ತಲೆಹರಟೆ, ಬೆಂಗಳೂರಿನ ಟ್ರಾಫಿಕ್ಕು, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ದೊಡ್ಡವರ ಕನ್ನಡ ಅವಳಿಗೆ ಸಿಗುತ್ತಿದ್ದದ್ದು ಅಲ್ಲಿಂದ. ಎರಡು ಮನೆಯಾದಾಗ ಎರಡರಲ್ಲೂ ಆ ಮಾತು ನಿಂತುಹೋಗಿತ್ತು. ಒಬ್ಬಳೇ ಕೂತು ಹರಟುವುದು ಹೇಗೆ?

ಆಮೇಲೆ ಮನೆ ನೋಡಲು ಹೋಗುವಾಗ ಅವಳನ್ನೂ ಮಾತಿಗೆ ಎಳೆದೆ. ಶನಿವಾರ ಪೋರ್ಟೊಬೆಲ್ಲೊ, ಭಾನುವಾರ ಗಾರ್ಗಿ. ಪೋರ್ಟೊಬೆಲ್ಲೊದಲ್ಲಿ ಸಮುದ್ರವಿದೆ, ಬೆಲೆಯೂ ಸಮುದ್ರದಷ್ಟೇ. ಗಾರ್ಗಿಯಲ್ಲಿ ವಿಸ್ಕಿ ಭಟ್ಟಿಯ ವಾಸನೆ. "ಅಮ್ಮ, ಇಲ್ಲಿ ಯಾರೋ ದೋಸೆ ಹಿಟ್ಟು ಮರೆತುಬಿಟ್ಟಿದ್ದಾರೆ" ಅಂದಳು. ಹೊಸ್ತಿಲು, ಅಟ್ಟ, ಮಾಳಿಗೆ, ತೇವ, ಬಿರುಕು, ಚಿಲಕ. ಇವೆಲ್ಲ ಅವಳ ಬಾಯಿಗೆ ಬಂದದ್ದು ಆ ಸುತ್ತಾಟದಲ್ಲಿ. ಟೆನೆಮೆಂಟ್ ಎಂಬ ಹಳೆಯ ಕಲ್ಲಿನ ಕಟ್ಟಡಗಳ ಹಿಂದೆ ಎಲ್ಲ ಮನೆಯವರೂ ಬಟ್ಟೆ ಒಣಹಾಕುವ ಹುಲ್ಲಿನ ಜಾಗ ಇರುತ್ತದೆ. ಅದು ಹಿತ್ತಲು ಅಂದೆ. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಏಜೆಂಟರ ಎದುರು ಅವಳ ಮೊದಲ ಪ್ರಶ್ನೆ, "ಹಿತ್ತಲು ಎಲ್ಲಿ?"

ಕೊನೆಗೆ ಸಿಕ್ಕಿದ್ದು ಲೀತ್ ಕಡೆ, ಬಾನಿಂಗ್ಟನ್ ಹತ್ತಿರ, ಮೂರನೇ ಮಹಡಿ. 1920ರವರೆಗೆ ಲೀತ್ ಬೇರೆಯೇ ಊರಾಗಿತ್ತು. ಇಲ್ಲಿಯ ಹಳಬರು ಅದನ್ನು ಇನ್ನೂ ಮರೆತಿಲ್ಲ. 2023ರ ಜೂನ್‌ನಲ್ಲಿ ಟ್ರಾಮ್ ಇತ್ತ ಬಂದಿದೆ. ಮನೆಯ ವರದಿಯಲ್ಲಿ ಮಾಳಿಗೆಗೆ 2 ಬಂದಿತ್ತು. ಪತ್ರಗಳಲ್ಲಿ ಬೇರೆ ರೀತಿ ಬರೆದಿಲ್ಲವಾದರೆ 2004ರ ಟೆನೆಮೆಂಟ್ ಕಾಯ್ದೆಯ ಪ್ರಕಾರ ಮಾಳಿಗೆಯ ರಿಪೇರಿ ಕಟ್ಟಡದಲ್ಲಿರುವ ಎಲ್ಲರ ಪಾಲಿಗೂ ಬರುತ್ತದೆ, ಮೇಲಿನ ಮಹಡಿಯವರ ತಲೆಗೆ ಮಾತ್ರವಲ್ಲ. ಇದನ್ನು ಓದಿ ಧೈರ್ಯ ಬಂತು. ಬೆಲೆ ಕಳಿಸಿದೆ. ಒಪ್ಪಿದರು. ಎರಡೂ ಕಡೆಯ ವಕೀಲರು ಪತ್ರ ಬರೆದುಕೊಂಡು ಮಿಸಿವ್ಸ್ ಮುಗಿಸಿದರೆ ಇಲ್ಲಿ ವ್ಯವಹಾರ ಗಟ್ಟಿ, ಯಾರೂ ಹಿಂದೆ ಸರಿಯುವಂತಿಲ್ಲ. ಆ ಸುದ್ದಿ ಬಂದಾಗ ನಾನು ಪ್ರಯೋಗಾಲಯದ ಶೀತಲ ಕೋಣೆಯಲ್ಲಿದ್ದೆ. ಹೊರಗೆ ಬಂದು ಅತ್ತೆ.

ಅಡುಗೆಮನೆಯ ಸೂರಿನಿಂದ ಬಟ್ಟೆ ಒಣಗಿಸುವ ಮರದ ಪಟ್ಟಿಗಳು ತೂಗುತ್ತಿದ್ದವು. ಹಗ್ಗ ಎಳೆದರೆ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ಬರುತ್ತದೆ. ಇಲ್ಲಿ ಅದನ್ನು ಪುಲ್ಲಿ ಅನ್ನುತ್ತಾರೆ. ವಿಡಿಯೊದಲ್ಲಿ ತೋರಿಸಿದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು, "ಅಯ್ಯೋ, ಇದು ನಮ್ಮನೆ ಗಳ ಅಲ್ವೇನೇ!" ಅಂದಳು. ನಮ್ಮ ಅಜ್ಜಿ ಮಡಿಸೀರೆಯನ್ನು ಕೋಲಿನಲ್ಲಿ ಎತ್ತಿ ಹಾಕುತ್ತಿದ್ದ ಬಿದಿರಿನ ಗಳ. ಮಗಳಿಗೆ ಆ ಕಥೆ ಹೇಳುತ್ತಾ ಅಮ್ಮ ಮುಕ್ಕಾಲು ಗಂಟೆ ಮಾತಾಡಿದಳು. ಬಾಡಿಗೆ ಮನೆಯ ವಿಷಯ ಮತ್ತೆ ಎತ್ತಲಿಲ್ಲ. ಆ ದಿನದಿಂದ ಅಡುಗೆ ಮಾಡುವಾಗ ಅಮ್ಮನನ್ನು ಸ್ಪೀಕರ್‌ನಲ್ಲಿ ಹಾಕಿಕೊಂಡು ಹರಟುತ್ತೇನೆ. ಇಲ್ಲಿ ಸಂಜೆಯಾದರೆ ಅಲ್ಲಿ ಮಧ್ಯರಾತ್ರಿ ಆಗುವುದರಿಂದ ವಾರಕ್ಕೆ ಎರಡು ದಿನ ಮಾತ್ರ, ಶನಿವಾರ, ಭಾನುವಾರ ಮಧ್ಯಾಹ್ನದ ಅಡುಗೆಗೆ. ಮಗಳು ಮೇಜಿನ ಕೆಳಗೆ ಆಡಿಕೊಂಡಿರುತ್ತಾಳೆ. ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸುತ್ತದೆ, ಆದರೆ ಕೇಳಿಸಿಕೊಳ್ಳುತ್ತಾಳೆ.

ಹಾಲು ಉಕ್ಕಿಸಲು ದಂಪತಿ ಇರಬೇಕು ಎಂದು ಊರಿನ ಸಂಬಂಧಿಕರೊಬ್ಬರು ಹೇಳಿದರಂತೆ. "ನೀನು ಒಲೆ ಹಚ್ಚು, ನಾನು ಇಲ್ಲಿಂದ ನೋಡ್ತೀನಿ" ಅಂದಳು ಅಮ್ಮ. ಹಾಲು ಉಕ್ಕಿತು, ಬಿಸಿ ತಟ್ಟೆಯ ಮೇಲೆ ಚೆಲ್ಲಿ ಹೊಗೆಯೆದ್ದಿತು. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲ ಮನೆಗಳಲ್ಲೂ ಒಂದಕ್ಕೊಂದು ಜೋಡಿಸಿದ ಬೆಂಕಿ ಅಲಾರಂ ಇರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ನಮ್ಮ ಗೃಹಪ್ರವೇಶಕ್ಕೆ ವಾದ್ಯ ಅದೇ ಆಯಿತು. ಕೆಳಗಿನ ಮನೆಯ ಅಜ್ಜಿ ಗಾಬರಿಯಾಗಿ ಹತ್ತಿ ಬಂದರು. ಅವರಿಗೂ ಪಾಯಸ ಕೊಟ್ಟೆವು.

ಈಗ ನಮ್ಮ ನಡಿಗೆಗೆ ಬನ್ನಿ. ಶಿಲ್ಪಿ ಆಂಟನಿ ಗಾರ್ಮ್ಲಿ ಮಾಡಿದ ಆರು ಕಬ್ಬಿಣದ ಮನುಷ್ಯರನ್ನು 2010ರಲ್ಲಿ ಈ ಹೊಳೆಯ ಉದ್ದಕ್ಕೂ ಇರಿಸಿದರು. ನಾಲ್ವರು ನೀರಿನಲ್ಲೇ ನಿಂತಿದ್ದಾರೆ. ಅಪ್ಪನ ಮನೆಯಿಂದ ನಮ್ಮ ಮನೆಗೆ ಬರುವಾಗ ಮೂವರು ಸಿಗುತ್ತಾರೆ: ಸ್ಟಾಕ್‌ಬ್ರಿಜ್, ಪೌಡರ್‌ಹಾಲ್, ಬಾನಿಂಗ್ಟನ್. ಮಗಳು ಅವರಿಗೆ ನೀರು ಮಾಮ ಎಂದು ಹೆಸರಿಟ್ಟಿದ್ದಾಳೆ. ಮಳೆಯಿದ್ದರೆ ಬಸ್ಸು. ಇಲ್ಲಿ 22 ವರ್ಷದೊಳಗಿನವರಿಗೆ ಕಾರ್ಡ್ ಇದ್ದರೆ ಬಸ್ ಪ್ರಯಾಣ ಉಚಿತ. ಮಳೆ ಇಲ್ಲದ ಶುಕ್ರವಾರಗಳಲ್ಲಿ ಅವನು ಅತ್ತಲಿಂದ ಅವಳನ್ನು ಕರೆದುಕೊಂಡು ಹೊರಡುತ್ತಾನೆ, ನಾನು ಇತ್ತಲಿಂದ. ಎರಡನೇ ನೀರು ಮಾಮನ ಹತ್ತಿರ ಸೇರುತ್ತೇವೆ.

ನಾನೂ ಅವನೂ ಮಾಡಿಕೊಂಡ ಒಪ್ಪಂದ ಒಂದಿದೆ, ಅದು ವಕೀಲರ ಕಾಗದದಲ್ಲಿಲ್ಲ. ಅಲ್ಲಿ ಹತ್ತು ನಿಮಿಷ ನಿಲ್ಲಬೇಕು, ಅವಳೆದುರು ಕನ್ನಡದಲ್ಲಿ ಮಾತಾಡಬೇಕು. ಮೊದಮೊದಲು ಕಷ್ಟವಾಯಿತು. ಕೋಪಕ್ಕೂ ನಮ್ಮಿಬ್ಬರ ಭಾಷೆ ಕನ್ನಡವೇ ಆಗಿತ್ತು. ವಕೀಲರ ಇಂಗ್ಲಿಷಿನಲ್ಲಿ ಮಾತಾಡುವುದು ಎಷ್ಟೋ ಹಗುರ. ಆದರೂ "ಕೆಮ್ಮು ಕಡಿಮೆ ಆಯ್ತಾ?", "ನಿಮ್ಮ ಅಮ್ಮನ ಮಂಡಿ ನೋವು ಹೇಗಿದೆ?" ಎಂದು ಶುರು ಮಾಡಿದೆವು. ಮೊನ್ನೆ ಮಗಳು ನಡುವೆ ಬಾಯಿ ಹಾಕಿ, "ಅಪ್ಪ, ನೀನು ಅಮ್ಮನ ಮಾತು ಪೂರ್ತಿ ಕೇಳಲೇ ಇಲ್ಲ" ಅಂದಳು. ಪೂರ್ತಿ, ಕೇಳಲೇ. ಯಾರೂ ಕಲಿಸಿದ್ದಲ್ಲ. ಅವನೂ ನಾನೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಬಹಳ ದಿನಗಳ ಮೇಲೆ.

ಶಾಲೆಯಲ್ಲಿ ಅವಳು ಮಮ್ಸ್ ಹೌಸ್, ಡ್ಯಾಡ್ಸ್ ಹೌಸ್ ಅನ್ನುತ್ತಾಳೆ. ಕನ್ನಡದಲ್ಲಿ ಹೇಳುವಾಗ "ಇವತ್ತು ಅಮ್ಮನ ಮನೆಗೆ ಹೋಗ್ತೀನಿ" ಅನ್ನುತ್ತಾಳೆ. ಮೊದಲ ಸಲ ಕೇಳಿದಾಗ ಎದೆ ಕಲಕಿತು, ನನ್ನ ಮನೆ ಅವಳ ಮನೆಯಲ್ಲವೇ ಎಂದು. ಆಮೇಲೆ ಹೊಳೆಯಿತು. ಸಾಗರಕ್ಕೆ ಟಿಕೆಟ್ ತೆಗೆಸಿದಾಗೆಲ್ಲ ನಾನು ಅನ್ನುವುದೂ ಅದನ್ನೇ.