ಬಾವಿಗೆ ಮದ್ದಿಡುತ್ತಿದ್ದ ಫೌಜಿ

ತಾಯಿಯ ತಂದೆ, ನಮ್ಮ ನಾನಾ, ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಸಿಪಾಯಿ. ಮುಳ್ಳುತಂತಿ ಬೇಲಿ ಸೀಳುವ ‘ಬೆಂಗಳೂರು ಟಾರ್ಪಿಡೊ’ 1912ರಲ್ಲಿ ಹುಟ್ಟಿದ್ದು ಇದೇ ಪಡೆಯಲ್ಲಿ. 1946ರಲ್ಲಿ ಕೋಲಾರದ ಹಳ್ಳಿಗೆ ಮರಳಿ ರಾಗಿ ಬಿತ್ತಿದರು. ಸದಾ ಹರಿಯುವ ಹೊಳೆಯಿಲ್ಲದ ಸೀಮೆ ಅದು. ಬಾವಿ ತೋಡುವಾಗ ಬಂಡೆ ಸಿಕ್ಕಿದರೆ ಊರವರೆಲ್ಲ ಕರೆಯುತ್ತಿದ್ದುದು ನಾನಾರನ್ನೇ.

ಯುದ್ಧದ ಕತೆ ಕೇಳಿದರೆ, “ಎತ್ತಿಗೆ ನೀರು ಕುಡಿಸಿದೆಯೇನೋ?” ಎನ್ನುತ್ತಿದ್ದರು. ಪದಕ ಎಲ್ಲಿತ್ತೋ, ನಾವಂತೂ ನೋಡಲಿಲ್ಲ. ಆದರೆ ಇಟ್ಟ ಮದ್ದು ಸಿಡಿಯದೆ ಉಳಿದ ದಿನ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹುಣಸೆ ಮರದಡಿ ಒಬ್ಬರೇ ಕೂತು, ಮೆಲ್ಲಗೆ ತಮಿಳಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ತಮಿಳು ಬಾರದು.

“ಬರ್ಮಾದಲ್ಲೇ ಉಳಿದ ಜೊತೆಗಾರ,” ಎಂದು ನಾನಿ ಒಮ್ಮೆ ಹೇಳಿ, ಒಲೆಯ ಕಡೆ ತಿರುಗಿದ್ದರು.