ಬಣ್ಣ ಬದಲಿಸುವ ಮೊಲ

ಹಿಮ ಬೀಳದ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ, ಒಂದೇ ಮೊಲವು ಬೇಸಗೆಯಲ್ಲಿ ಕಂದಾಗಿಯೂ ಚಳಿಗಾಲದಲ್ಲಿ ಅಚ್ಚ ಬಿಳುಪಾಗಿಯೂ ಇರುತ್ತದೆಂದರೆ ಕಟ್ಟುಕಥೆಯೆನಿಸೀತು. ಆದರೆ ಉತ್ತರ ಅಮೆರಿಕದ ಹಿಮಮೊಲ, ಸ್ಕಾಟ್ಲೆಂಡಿನ ಬೆಟ್ಟದ ಮೊಲ, ಧ್ರುವಪ್ರದೇಶದ ನರಿ ಇವೆಲ್ಲವೂ ವರ್ಷಕ್ಕೆ ಎರಡು ಬಾರಿ ಮೈಬಣ್ಣ ಬದಲಿಸುವ ಜೀವಿಗಳು.

“ಬುದ್ಧೀ, ಹಿಮ ಕಂಡೊಡನೆ ಮೊಲ ಬೆಳ್ಳಗಾಗುವುದೇ?” ಎಂದು ವಿದ್ಯಾರ್ಥಿನಿಲಯದ ಹುಡುಗನೊಬ್ಬ ನಮ್ಮನ್ನು ಕೇಳಿದ್ದುಂಟು. ಪ್ರಶ್ನೆ ಸಹಜವಾದುದು, ಸಂಗತಿ ಹಾಗಿಲ್ಲ. ಚರ್ಮದಿಂದ ಹೊರಬಂದ ಕೂದಲು ನಿರ್ಜೀವ ವಸ್ತು. ಅದು ತನ್ನ ಬಣ್ಣವನ್ನು ತಾನೇ ಬದಲಿಸಿಕೊಳ್ಳಲಾರದು. ಹಳೆಯ ಕೂದಲು ಉದುರಿ, ಅದರ ಸ್ಥಾನದಲ್ಲಿ ವರ್ಣದ್ರವ್ಯವಿಲ್ಲದ ಹೊಸ ಕೂದಲು ಮೂಡಬೇಕು. ಹಿಮಮೊಲದಲ್ಲಿ ಈ ಕಾರ್ಯ ಕಾಲು ಕಿವಿಗಳಲ್ಲಿ ತೊಡಗಿ, ಕಡೆಗೆ ಬೆನ್ನಿಗೆ ಬರುತ್ತದೆ. ಅದಕ್ಕೆ ಸುಮಾರು ಹತ್ತು ವಾರಗಳು ಬೇಕು. ಹಿಮ ಬಿದ್ದ ಮೇಲೆ ತೊಡಗಿದರೆ ಚಳಿಗಾಲದ ಬಹುಭಾಗ ಮೊಲವು ಬಯಲಿಗೆ ಬಿದ್ದಂತೆಯೇ!

ಹಾಗಾದರೆ ಮುನ್ಸೂಚನೆ ಎಲ್ಲಿಂದ? ಹಗಲಿನ ಅಳತೆಯಿಂದ. ರಾತ್ರಿ ದೀರ್ಘವಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಹೆಚ್ಚು ಹೊತ್ತು ಸ್ರವಿಸುತ್ತದೆ. ಅದರಿಂದ ಪ್ರೊಲ್ಯಾಕ್ಟಿನ್ ಎಂಬ ಮತ್ತೊಂದು ಹಾರ್ಮೋನು ತಗ್ಗಿ, ಚಳಿಗಾಲದ ಕೂದಲು ಬೆಳೆಯತೊಡಗುತ್ತದೆ. ಚಳಿ, ಹಿಮಗಳು ಈ ಬದಲಾವಣೆಯ ವೇಗವನ್ನು, ಅದರಲ್ಲೂ ವಸಂತದಲ್ಲಿ, ತುಸು ಹಿಂದುಮುಂದು ಮಾಡಬಲ್ಲವು, ಅಷ್ಟೆ. ಆ ಪುಟ್ಟ ಪ್ರಾಣಿ ಹವೆಯನ್ನು ನಂಬದೆ ಸೂರ್ಯನನ್ನು ನಂಬಿರುವುದು ನಮಗೆ ಬಿಳುಪಿಗಿಂತಲೂ ದೊಡ್ಡ ಬೆರಗಾಗಿ ಕಾಣುತ್ತದೆ.

ಸೂರ್ಯನೇನೋ ತಪ್ಪುವವನಲ್ಲ. ತಪ್ಪುತ್ತಿರುವುದು ಹಿಮ. ಭೂಮಿಯ ತಾಪ ಏರಿ ಹಿಮ ತಡವಾಗಿ ಬಿದ್ದು ಬೇಗ ಕರಗುತ್ತಿರಲು, ಕಂದು ನೆಲದ ಮೇಲೆ ಬಿಳಿಯ ಮೊಲ ದೂರದಿಂದಲೇ ಎದ್ದು ಕಾಣುತ್ತದೆ. ಹೀಗೆ ಬಣ್ಣ ಹೊಂದದ ಮೊಲಗಳು ಬದುಕುಳಿಯುವ ಸಾಧ್ಯತೆ ವಾರಕ್ಕೆ ಶೇಕಡಾ 7ರವರೆಗೆ ಕುಗ್ಗುತ್ತದೆಂದು ಮೊಂಟಾನದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಥ ಮೊಲಗಳು ಹೆಚ್ಚು ಮರೆಯಲ್ಲಿ ಅಡಗುವುದೂ ಕಂಡುಬರಲಿಲ್ಲ. ತಾನು ಬೆಳ್ಳಗಿರುವೆನೆಂಬ ಅರಿವು ಮೊಲಕ್ಕಿದ್ದಂತೆ ತೋರದು. ಸ್ಕಾಟ್ಲೆಂಡಿನ ಮಲೆನಾಡಿನಲ್ಲಿ 1950ರ ದಶಕದಿಂದ 2016ರ ವೇಳೆಗೆ ಹಿಮವಿರುವ ದಿನಗಳು ವರ್ಷಕ್ಕೆ ಸುಮಾರು 37ರಷ್ಟು ಕಡಿಮೆಯಾದವು. ಆದರೂ ಅಲ್ಲಿಯ ಮೊಲಗಳು ಬಣ್ಣ ಬದಲಿಸುವ ಕಾಲ ಹಿಂದಿನಂತೆಯೇ ಉಳಿದಿದೆ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಹಿಮ ವಿರಳವಾದ ಕಡೆ, ಚಳಿಗಾಲದಲ್ಲಿಯೂ ಕಂದಾಗಿಯೇ ಉಳಿಯುವ ಹಿಮಮೊಲಗಳಿವೆ. ಇದಕ್ಕೆ ಕಾರಣವಾದ ಅಗೌಟಿ ಜೀನಿನ ರೂಪವು ಬಹು ಹಿಂದೆ ಕಪ್ಪು ಬಾಲದ ಮೊಲವೆಂಬ ಬೇರೊಂದು ಜಾತಿಯೊಡನೆ ನಡೆದ ಸಂಕರದಿಂದ ಬಂದುದೆಂದು 2018ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಎರಡು ಬಣ್ಣದವೂ ಕೂಡಿ ಬಾಳುವೆಡೆ, ಹಿಮ ಕಡಿಮೆಯಾದಂತೆಲ್ಲ, ಕಂದು ಮೊಲಗಳ ಸಂತತಿ ಹೆಚ್ಚಲು ಅವಕಾಶವಿದೆ. ಮೊಂಟಾನದಂಥ ಒಳನಾಡಿನಲ್ಲಾದರೋ ಇರುವವು ಬಹುಮಟ್ಟಿಗೆ ಬೆಳ್ಳಗಾಗುವ ಮೊಲಗಳೇ.